ಬಹಾದ್ದೂರನ ಮಗಳು

ಬಾಂಗ್ಲಾ ಯುದ್ಧ ಗೆದ್ದುಕೊಟ್ಟ ಸೇನಾಧಿಪತಿಯನ್ನು ಸೈನಿಕರು ಪ್ರೀತಿಯಿಂದ ‘ಬಹಾದ್ದೂರ್’ ಎನ್ನುತ್ತಿದ್ದರಂತೆ. ಆ ಯುದ್ಧದಲ್ಲಿ ಸಿಪಾಯಿಯಾಗಿದ್ದ ನನ್ನ ಅಪ್ಪ ತೊಡೆಗೆ ಗುಂಡು ತಿಂದು, ಆ ಸೇನಾಧಿಪತಿಯಂಥದೇ ದಪ್ಪ ಮೀಸೆ ಬಿಟ್ಟುಕೊಂಡು ಇಂಡಿಗೆ ಮರಳಿದಾಗ ಊರವರು ಅವರಿಗೂ ಅದೇ ಹೆಸರಿಟ್ಟರು. ಶಾಲೆಯಲ್ಲಿ ನಾನು ‘ಬಹಾದ್ದೂರನ ಮಗಳು’. ಹಾಗೆ ಕರೆಸಿಕೊಳ್ಳುವುದು ನನಗೆ ಬಹಳ ಹಿತವಾಗಿತ್ತು.

ಹೋದ ವರ್ಷ ಸಿಂದಗಿಯ ಶಾಲೆಯೊಂದರಲ್ಲಿ ಅಪ್ಪನಿಗೆ ಸನ್ಮಾನವಿತ್ತು. ಬ್ಯಾನರಿನಲ್ಲಿ ಸೇನಾಧಿಪತಿಯ ಪಕ್ಕದಲ್ಲೇ ಅಪ್ಪನ ಫೋಟೊ. ಅದನ್ನು ನೋಡುತ್ತ ನಿಂತ ಅಪ್ಪ, ಶಾಲು ಹೊದಿಸುವ ಮೊದಲೇ ಹೊರಗೆ ಬಂದು ಕಾರಿನಲ್ಲಿ ಕೂತುಬಿಟ್ಟರು. ಹಿಂದೆಯೇ ಬಂದು ಯಾಕೆಂದು ಕೇಳಿದೆ.

“ನನ್ನ ಹೊತ್ಕೊಂಡು ಬಂದು ಉಳಿಸಿದಾಂವ ಬ್ಯಾರೆ ಇದ್ದ. ನಾಲತವಾಡದಾಂವ. ಅಲ್ಲೇ ಇನ್ನೊಬ್ಬ ಬಿದ್ದಿದ್ದ, ಅವಂಗ ನನಗಿಂತ ದೊಡ್ಡ ಪೆಟ್ಟು. ಆದ್ರ ನಾನು ‘ಮೊದಲ ನನ್ನ ಒಯ್ಯಿ’ ಅಂತ ಅಂಗಿ ಹಿಡಕೊಂಡು ಅತ್ತೆ. ನನ್ನ ಕ್ಯಾಂಪಿಗೆ ಮುಟ್ಟಿಸಿ ಅವನ್ನ ತರಾಕ ಹೋದಾಂವ ತಿರುಗಿ ಬರಲಿಲ್ಲ.”

“ನಾಲತವಾಡದ ಅವರ ಮನಿಗೆ ಹೋಗಿದ್ಯೇನಪ್ಪಾ?”

“ಇಲ್ಲ. ಯಾವ ಮಾರಿ ಇಟ್ಕೊಂಡು ಹೋಗ್ಲಿ?”

ಮರುದಿನ ಬಾಗೇವಾಡಿ, ಮುದ್ದೇಬಿಹಾಳ ದಾಟಿ ನಾಲತವಾಡಕ್ಕೆ ಹೋದೆವು. ಆತನ ಹೆಂಡತಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ಅಪ್ಪ ನಿಂತುಕೊಂಡೇ ನಡೆದದ್ದನ್ನು ಹೇಳಿದರು. ಅತ್ತದ್ದನ್ನು ಮಾತ್ರ ಹೇಳಲಿಲ್ಲ.

“ಇಷ್ಟು ವರ್ಷ ಎಲ್ಲಿದ್ರಿ?” ಎಂದರು ಆಕೆ.

“ಇಂಡ್ಯಾಗ, ತಂಗೆವ್ವ.”

“ಇಂಡಿ ಏನು ಪರದೇಶ ಏನ್ರಿ?”

ಅಪ್ಪ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ತಂದೆಯ ಹೆಸರು ಹೇಳಿ ನಾನು ಮೆರೆದ ಊರಿನಿಂದ ಈ ಮನೆ ಅರ್ಧ ದಿನದ ದಾರಿಯೂ ಇರಲಿಲ್ಲ.

“ಕುಂದರ್ರಿ,” ಎಂದರು ಆಕೆ. “ನನ್ನ ಮಗ ಹೊಲದಿಂದ ಬರ್ಲಿ. ಅಂವಾ ಹೊಟ್ಯಾಗ ಇದ್ದಾಗ ಅವರು ಹೋದ್ರು. ಅವನ ಮುಂದೂ ಹೇಳ್ರಿ.”

ಮಗ ಬಂದ. ಅವನ ತಲೆಯೂ ನರೆತಿತ್ತು. ಅಪ್ಪ ಮತ್ತೆ ಮೊದಲಿನಿಂದ ಹೇಳಿದರು. ಈ ಸಲ ಅಂಗಿ ಹಿಡಿದು ಅತ್ತದ್ದನ್ನೂ ಬಿಡಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಆಕೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ಮಗ, “ನಮ್ಮಪ್ಪ ಎಷ್ಟು ಎತ್ತರ ಇದ್ದನ್ರಿ?” ಎಂದ.

ಅಪ್ಪ ಎದ್ದು, ಅವನನ್ನೂ ಎಬ್ಬಿಸಿ ನಿಲ್ಲಿಸಿ, ಅವನ ತಲೆಗಿಂತ ತುಸು ಮೇಲೆ ತಮ್ಮ ಕೈ ಹಿಡಿದರು.