ಓಟದ ದಿನದ ಮುಯ್ಯಿ

ಹೈಸ್ಕೂಲಿನಲ್ಲಿ ನನ್ನ ಓಟಕ್ಕೆ ಅಡ್ಡ ನಿಂತವರು ಯಾರು ಎಂದು ಕೇಳಿದರೆ ಇವತ್ತಿಗೂ ನನಗೆ ತಿಳಿಯದು. ಲಕ್ಷ್ಮೇಶ್ವರದ ತಾಲ್ಲೂಕು ಪಂದ್ಯದಲ್ಲಿ ಗೆದ್ದು, ಗದಗಿನ ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಗಿ ನಮ್ಮೂರು ಅಡರಕಟ್ಟಿಗೆ ಕುಣಿಯುತ್ತ ಬಂದೆ. ಅಪ್ಪ "ಭೇಷ್! ಓಡವಾ" ಎಂದ. ಅವ್ವ ಬಾಯಿಗೆ ಸಕ್ಕರೆ ಹಾಕಿದಳು. ಅಪ್ಪನ ತಾಯಿ, ನಮ್ಮ ಆಯಿ ಮಾತ್ರ ಉರಿದುಬಿದ್ದಳು.

"ಇಷ್ಟ ದೊಡ್ಡ ಹುಡುಗಿ ಮೊಣಕಾಲ ಕಾಣೋ ಚೊಣ್ಣ ಹಾಕ್ಕೊಂಡು ಮಂದಿ ಮುಂದ ಓಡತಾಳಂತ! ನಾಚಿಕಿ ಐತೇನು ನಿಮಗ?"

ಸರಿ, ವೈರಿ ಯಾರೆಂದು ಗೊತ್ತಾಯಿತು ಅಂದುಕೊಂಡೆ.

ಪಂದ್ಯದ ಹಿಂದಿನ ಸಂಜೆ ಅವ್ವ ಮೆಲ್ಲಗೆ ಬಾಯಿಬಿಟ್ಟಳು. "ನಾಳಿ ಬಾಜೂ ಮನಿಯವರ ಹೊಲದಾಗ ಶೇಂಗಾ ಹರಿಯೋದೈತಿ. ನಮ್ಮ ಹೊಲಕ್ಕ ಅವರ ಮನಿಯಿಂದ ಇಬ್ಬರು ಬಂದಿದ್ರು. ನಾನು, ನೀನು ಹೋಗಬೇಕವಾ."

ಇದಕ್ಕೆ ಮುಯ್ಯಿ ಎನ್ನುತ್ತೇವೆ. ಅವರು ನಮ್ಮಲ್ಲಿ ದುಡಿದರೆ ನಾವು ಅವರಲ್ಲಿ ದುಡಿದೇ ತೀರಿಸಬೇಕು, ಕೂಲಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಅಪ್ಪನ ಮುಖ ನೋಡಿದೆ. "ಮುಂದಿನ ವರ್ಷ ಓಡಿದ್ರಾತು" ಎಂದು ಎತ್ತಿಗೆ ಮೇವು ಹಾಕಲು ಎದ್ದುಹೋದ. ಭೇಷ್ ಎಂದವನು ಇವನೇ ಏನು? ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ರೊಟ್ಟಿ ಬಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದರೆ ಆಯಿ ತಲೆಗೆ ವಸ್ತ್ರ ಸುತ್ತಿಕೊಂಡು ಬುತ್ತಿ ಕಟ್ಟುತ್ತಿದ್ದಳು. ಮಂಡಿನೋವೆಂದು ಹೊಲದ ಕಡೆ ಹೋಗುವುದನ್ನೇ ಬಿಟ್ಟಿದ್ದ ಮುದುಕಿ!

"ಎಲ್ಲಿಗೆ ಆಯಿ?"

"ನಿನ್ನ ಮುಯ್ಯಿ ತೀರಸಾಕ. ನನ್ನ ಮಾರಿ ಏನ್ ನೋಡ್ತಿ? ಜಲ್ದಿ ಹೋಗು, ಬಸ್ ಹೋಗತೈತಿ. ಆ ಚೊಣ್ಣ ಮಾತ್ರ ನನ್ನ ಕಣ್ಣಿಗೆ ಬೀಳಬಾರದು ನೋಡು!"

ಗದಗಿನಲ್ಲಿ ಮೂರನೆಯವಳಾದೆ. ಸಂಜೆ ಬಂದಾಗ ಆಯಿ ಕಾಲು ಚಾಚಿ ಮಲಗಿದ್ದಳು, ಅವ್ವ ಎಣ್ಣೆ ತಿಕ್ಕುತ್ತಿದ್ದಳು. "ಮೂರನೇದಾಕಿ? ಮುಂದ ಓಡಿದವ್ರು ಏನ್ ತಿಂದಿದ್ರಂತ?" ಎಂದು ಆಯಿ ನನ್ನನ್ನೇ ಬೈದಳು. ಬೇಡ ಎಂದವಳಿಗೆ ಮೂರನೆಯದಾದರೇನು, ಕಡೆಯದಾದರೇನು? ನನಗೆ ಒಂದೂ ಅರ್ಥವಾಗಲಿಲ್ಲ. ಅಂದು ಊದಿದ ಆ ಮಂಡಿ ಮತ್ತೆ ಇಳಿಯಲಿಲ್ಲ, ಆಯಿ ಕೋಲು ಹಿಡಿದಳು.

ಮರುವರ್ಷ ಮತ್ತೆ ಆಯ್ಕೆಯಾದೆ. ಮತ್ತೆ ಶೇಂಗಾ ಕಾಲವೇ, ಮತ್ತೆ ಮುಯ್ಯಿಯೇ. ಅಪ್ಪ "ಭೇಷ್!" ಎಂದ, ಆ ಭೇಷಿನ ಬೆಲೆ ನನಗೆ ಗೊತ್ತಿತ್ತು. ಓಡಿಹೋಗಿ ಆಯಿಯ ಮುಂದೆ ಕುಳಿತೆ. ಆಕೆ ಕೋಲನ್ನು ಪಕ್ಕಕ್ಕಿಟ್ಟು ಮಂಡಿ ನೀವಿಕೊಳ್ಳುತ್ತಿದ್ದಳು.

"ಆಯಿ, ನನಗ ಬೈಯಂಗಿಲ್ಲೇನು?" ಎಂದೆ.

ಆಕೆ ನನ್ನ ತಲೆ ಸವರಿದಳು. ಬೈಯಲಿಲ್ಲ.