ಮೀನಿನ ಕರುಳು ಕೇಳುವ ಹುಡುಗಿ

ಮಾರಿಕಣಿವೆ ಡ್ಯಾಮಿನ ಹತ್ತಿರ ನಾನು ಮೀನು ಮಾರುತ್ತೇನೆ. ಅಲ್ಲಿಗೆ ಕಾಲೇಜಿನಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬರುತ್ತಿದ್ದಳು. ಮೀನು ಬೇಡ, ನಾಯಿಗೆ ಎಸೆಯುವ ಕರುಳು ಬೇಕು ಅನ್ನುತ್ತಿದ್ದಳು. ಅದರೊಳಗೆ ಪ್ಲಾಸ್ಟಿಕ್ ಚೂರು ಹುಡುಕುವುದೇ ಅವಳ ಓದಂತೆ. ನಾಯಿಗಳಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಕರುಳಿನ ಡಬ್ಬಿಯನ್ನು ಬಾಣಂತಿ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಿದ್ದಳು. ಏನು ಸಿಕ್ಕಿತು ಎಂದು ಯಾವಾಗ ಕೇಳಿದರೂ ಒಂದೇ ಮಾತು: "ಈಗಲೇ ಹೇಳಕ್ಕಾಗಲ್ಲ ಅಜ್ಜಿ."

ಒಂದು ದಿನ ಹಿರಿಯೂರಿನ ಗಿರಾಕಿಯೊಬ್ಬ ದೊಡ್ಡ ಕಾಟ್ಲಾ ಮೀನು ಕೊಯ್ಯಿಸಿದ ಮೇಲೆ, ಕರುಳು ಯಾಕೆಂದು ಅವಳನ್ನು ಕೇಳಿದ. ಅವಳು ಎಲ್ಲಾ ಹೇಳಿದಳು.

"ಹಂಗಾದ್ರೆ ಈ ಮೀನು ತಿನ್ನಬೋದೇನಮ್ಮ?" ಅಂದ.

ಹೂಂ ಅನ್ನಲಿ ಎಂದು ನಾನು ಅವಳ ಕಾಲು ತುಳಿದೆ.

"ಈಗಲೇ ಹೇಳಕ್ಕಾಗಲ್ಲ ಸರ್," ಅಂದಳು.

ಅವನು ಮೀನು ಬಿಟ್ಟು ಹೋದ.

"ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ. ಕೊಯ್ದಿದ್ದನ್ನ ಈಗ ಯಾರು ತಿಂತಾರೆ, ನಿಮ್ಮಪ್ಪನಾ?" ಅಂದೆ.

ಅವಳು ಅಷ್ಟೂ ಮೀನು ಕೊಂಡಳು. ನನ್ನ ಕೈಯಲ್ಲೇ ಸಾರು ಮಾಡಿಸಿಕೊಂಡು ಮುದ್ದೆ ಜೊತೆ ಉಣ್ಣಲು ಕೂತಳು.

"ಹೆಂಗೈತೆ?" ಅಂದೆ.

ಬೆರಳು ನೆಕ್ಕುತ್ತಾ ಅವಳು, "ಈಗಲೇ ಹೇಳಕ್ಕಾಗಲ್ಲ ಅಜ್ಜಿ. ಇನ್ನೆರಡು ತುಂಡು ಹಾಕ್ರಿ," ಅಂದಳು.