ಡೈನಿಂಗ್ ಟೇಬಲ್ ಮೇಲಿನ ವರ

ಕಳೆದ ಭಾನುವಾರ ಹುಡುಗಿಯ ಕಡೆಯವರು ಮನೆ ನೋಡಲು ಬಂದಾಗ ವರ ಮಹಾಶಯ ಡೈನಿಂಗ್ ಟೇಬಲ್ ಮೇಲೆ ನಿಂತಿದ್ದ. ಕುತ್ತಿಗೆಗೆ ಪಿನ್ ಹಾಕಿದ ಹಳದಿ ಬೆಡ್‌ಶೀಟು. ಒಂದು ಕೈ ಸೀಲಿಂಗ್ ಕಡೆಗೆ. ಬೆಡ್‌ಶೀಟು ಹಾರಲೆಂದು ಅಮ್ಮ ಕೆಳಗೆ ಕೂತು ಟೇಬಲ್ ಫ್ಯಾನ್ ಎತ್ತಿ ಹಿಡಿದಿದ್ದಳು. ನಾನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ.

ಗಾಬರಿಯಾಗಬೇಡಿ. ನನ್ನ ತಮ್ಮ ರಾಘುವಿನ ಕಸುಬೇ ಅದು. ಮಲ್ಕಾಜ್‌ಗಿರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಯಾವುದೋ ವಿದೇಶಿ ಕಂಪನಿಗೆ ಸೂಪರ್‌ಹೀರೋ ಕಾಮಿಕ್ಸಿನ ಚಿತ್ರ ಬಿಡಿಸುತ್ತಾನೆ. ಇವನದು ಪೆನ್ಸಿಲ್ ಕೆಲಸ ಮಾತ್ರ. ಇಂಕು ಹಾಕುವವನು ಒಂದು ದೇಶದಲ್ಲಿ, ಬಣ್ಣ ತುಂಬುವವಳು ಇನ್ನೊಂದು ದೇಶದಲ್ಲಿ. ಬಟ್ಟೆಯ ಮಡಿಕೆ, ಮೊಣಕೈಯ ತಿರುವು ಸರಿಯಾಗಿ ಬರಬೇಕಾದರೆ ಮೊದಲು ಯಾರಾದರೂ ಹಾಗೆ ನಿಂತು ತೋರಿಸಬೇಕು. ಮನೆಯಲ್ಲಿ ಯಾರೂ ತಪ್ಪಿಸಿಕೊಂಡಿಲ್ಲ. ಖಳನಾಯಕನಿಗಂತೂ ನಮ್ಮ ದೊಡ್ಡಪ್ಪನ ಮುಖ. (ಈವರೆಗೆ ಎರಡು ಸಲ ಸತ್ತಿದ್ದಾರೆ. ಅವರಿಗಿನ್ನೂ ಗೊತ್ತಿಲ್ಲ.)

ಕಸುಬೇನೋ ಚೆಂದ. ಆದರೆ ಮದುವೆ ಮಾರ್ಕೆಟ್ಟಿನಲ್ಲಿ? ‘ಚಿತ್ರ ಸರಿ, ನೌಕರಿ ಏನು?’ ಎಂದು ಕೇಳಿಯೇ ಹಿಂದಿನ ಸಂಬಂಧಗಳೆಲ್ಲ ಜಾರಿಕೊಂಡಿದ್ದವು. ಹಾಗಾಗಿ ಅಮ್ಮ ಈ ಸಲ ‘ಕಂಪ್ಯೂಟರ್ ಕಂಪನಿ’ ಎಂದುಬಿಟ್ಟಿದ್ದಳು. ದಿಲ್‌ಸುಖ್‌ನಗರಕ್ಕೆ ಹೋಗಿ ಸುಮಾಳನ್ನು ನೋಡಿ ಬಂದ ಮೇಲೆ ರಾಘುವಿಗೆ ಊಟವೂ ರುಚಿಸುತ್ತಿರಲಿಲ್ಲ. ಹುಡುಗಿ ಅಷ್ಟು ಹಿಡಿಸಿದ್ದಳು. ಇದೊಂದು ತಪ್ಪದಿರಲಿ ಎಂದು ನಾನೂ ದೇವರಿಗೆ ಕೈ ಮುಗಿದಿದ್ದೆ.

ಹುಡುಗಿಯ ಕಡೆಯವರು ಹೇಳಿದ್ದು ‘ಸಂಜೀಕ ಬರ್ತೀವಿ’ ಎಂದಷ್ಟೇ. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಅದು ಮುಗಿದ ಮೇಲೆ ಬರುತ್ತಾರೆ ಎಂಬುದು ಅಮ್ಮನ ಲೆಕ್ಕ. ಶುರುವಾಗುವ ಮೊದಲೇ ಹೊಸ್ತಿಲು ದಾಟಬೇಕು ಎಂಬುದು ಅವರ ಲೆಕ್ಕ. ಪಂಚಾಂಗ ಮಾತ್ರ ಎರಡೂ ಮನೆಯಲ್ಲಿ ಒಂದೇ!

ತೆರೆದ ಬಾಗಿಲಲ್ಲಿ ಸುಮಾಳ ಅಪ್ಪ ದೇಸಾಯಿಯವರು. ಹಿಂದೆ ಸುಮಾ.

“ಏನ್ ನಡದೈತ್ರೀ ಇದು?”

“ಯೋಗಾ ಮಾಡಾಕತ್ತಾನ್ರೀ,” ಅಂದಳು ಅಮ್ಮ, ಫ್ಯಾನ್ ಬಿಡದೆ.

“ಚಾದರಾ ಕಟ್ಟಿಕೊಂಡು?”

ರಾಘು ಟೇಬಲ್ಲಿನಿಂದ ಇಳಿದ. ಪಿನ್ ಬಿಚ್ಚುವುದನ್ನೂ ಮರೆತು ಎಲ್ಲ ಹೇಳಿಬಿಟ್ಟ. “ನಾ ಸೂಪರ್‌ಹೀರೋ ಚಿತ್ರಾ ತೆಗಿತೀನ್ರಿ. ಕಂಪ್ಯೂಟರ್ ಕಂಪನಿ ಅಲ್ರಿ. ಅವ್ವ ಹೆದರಿ ಸುಳ್ಳ ಹೇಳ್ಯಾಳ.”

ನಾನು ಮೊಬೈಲ್ ಕೆಳಗಿಟ್ಟೆ. ಇದೂ ಹೋಯಿತು!

ದೇಸಾಯಿಯವರು ಅವನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಕುಸಿಯುವ ಕಟ್ಟಡಗಳು, ಗಾಳಿಯಲ್ಲಿ ತೇಲುವ ಬಸ್ಸುಗಳು, ದೊಡ್ಡಪ್ಪ.

“ಭಾಳ ಛಲೋ ತೆಗದೀರಿ. ಪಿ.ಎಫ್. ಐತೇನ್ರಿ?”

“ಇಲ್ರಿ.”

“ಮೆಡಿಕಲ್ಲು?”

“ಅದೂ ಇಲ್ರಿ.”

ನೋಡಿ, ಪ್ರತಿ ತಿಂಗಳೂ ಲೋಕ ಉಳಿಸುವವನಿಗೆ ಪಿ.ಎಫ್. ಇಲ್ಲ! ದೇಸಾಯಿಯವರು ಹಾಳೆಗಳನ್ನು ಕೆಳಗಿಟ್ಟು ಚಪ್ಪಲಿ ಬಿಟ್ಟ ಕಡೆ ನೋಡಿದರು. ಅಮ್ಮ ಅಳುವುದೊಂದು ಬಾಕಿ. ರಾಘು ಸುಮಾಳ ಕಡೆ ನೋಡುವ ಧೈರ್ಯವನ್ನೇ ಮಾಡಲಿಲ್ಲ.

ಸುಮಾ ಆ ಹಾಳೆಗಳನ್ನು ಎತ್ತಿಕೊಂಡಳು. ನೋಡುತ್ತಲೇ ಹೇಳಿದಳು: “ಪಿ.ಎಫ್. ನಂದೈತಲ್ಲಪ್ಪಾ. ಒಂದ್ ಮನಿಗೆ ಎಷ್ಟ್ ಬೇಕು?”

ದೇಸಾಯಿಯವರು ಮಗಳನ್ನು ನೋಡಿದರು. ಬೆಡ್‌ಶೀಟು ನೋಡಿದರು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತು, “ಚಾ ಮಾಡವಾ,” ಎಂದು ನನಗೆ ಹೇಳಿದರು. (ಅಮ್ಮ ಆಗ ಫ್ಯಾನ್ ಕೆಳಗಿಟ್ಟಳು.)

ಸುಮಾಗೆ ಬ್ಯಾಂಕಿನಲ್ಲಿ ಕೆಲಸ ಎಂಬುದು ನಮಗೆಲ್ಲ ಮೊದಲಿನಿಂದಲೂ ಗೊತ್ತು. ಅವಳ ನಕ್ಷತ್ರ ಗೊತ್ತು, ಎತ್ತರ ಗೊತ್ತು, ಹೋಳಿಗೆ ಮಾಡಲು ಬರುತ್ತದೆ ಎಂದೂ ಗೊತ್ತು. ಆದರೆ ಆ ಕೆಲಸವನ್ನು ನೌಕರಿ ಅಂತ ಲೆಕ್ಕಕ್ಕೆ ಹಿಡಿದವರು ಯಾರು, ಹೇಳಿ?